ಹದಿನೈದು ದಿನದಮ್ಮನ ಮನೆಗೆ ಬಂದ ಬೋಳ

ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಕಿಟಕಿ ಪಕ್ಕದ ಮೆಷಿನ್ನು ನನ್ನದು, ಅದರ ಪಕ್ಕದ್ದು ಎಲ್ಲರೂ ಅಕ್ಕ ಅನ್ನುವವರದು. ಹರಿದ ಚಾದರಕ್ಕೆ ತೇಪೆ ಹಾಕುವುದು, ದಿಂಬಿನ ಚೀಲ ಹೊಲಿಯುವುದು, ಆಪರೇಷನ್ ಬಟ್ಟೆಗಳ ಅಂಚು ಮಡಿಸುವುದು. ಇಪ್ಪತ್ತೆರಡು ವರ್ಷದಿಂದ ಅಕ್ಕನಿಗೆ ಇದೇ ಕೆಲಸ. ಮಾತು ಕಡಿಮೆ, ಕೈ ಚುರುಕು. ನಾಯಿ ಕಂಡರೆ ಮಾತ್ರ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದರು. ಅಂಥವರಿಗೆ ನಾವೆಲ್ಲ 'ಹದಿನೈದು ದಿನದಮ್ಮ' ಅಂತ ಹೆಸರಿಡುವಂತಾದದ್ದು ಅವರ ಮಗಳ ಕಣ್ಣೀರಿನಿಂದ.

ಮಗಳು ಒಂದು ನಾಯಿ ಸಾಕಿದ್ದಳು. ಮೈತುಂಬ ಬಿಳೀ ಕೂದಲು, ಹೆಸರು ಹತ್ತಿ. ಅಕ್ಕ ಅದನ್ನು ನೋಡಿದ್ದು ನಾಲ್ಕೈದು ಸಲ. ಅದೂ ಹೊಸ್ತಿಲಾಚೆ ನಿಂತು, "ಮೊದಲು ಅದನ್ನ ಕಟ್ಟಿಹಾಕು, ಆಮೇಲೆ ಒಳಗೆ ಬರ್ತೀನಿ" ಅಂತ. ಒಂದು ದಿನ ಮಗಳು ಕೆಲಸದಿಂದ ಮನೆಗೆ ಬಂದಾಗ ಹತ್ತಿ ಇರಲಿಲ್ಲ. ಲಾರಿ ಹೊಡೀತು, ನಿನಗೆ ನೋಡೋಕೆ ಆಗ್ತಿರಲಿಲ್ಲ, ನಾನೇ ಹೂತು ಬಂದೆ ಅಂದ ಗಂಡ. ಬಡಾವಣೆ ಹಿಂದಿನ ಖಾಲಿ ಸೈಟಿಗೆ ಕರೆದುಕೊಂಡು ಹೋಗಿ ಹಸಿ ಮಣ್ಣಿನ ದಿಬ್ಬವನ್ನೂ ತೋರಿಸಿದ. ಅಂದಿನಿಂದ ಪ್ರತಿ ಭಾನುವಾರ ಅವಳು ಅಲ್ಲಿಗೆ ಹೋಗಿ ಹೂವಿಟ್ಟು ಬರುತ್ತಿದ್ದಳು.

ಮಗಳ ಸಂಕಟ ನೋಡಲಾರದೆ, ಏನು ಮಾಡಬೇಕೆಂದೂ ತೋಚದೆ, ಅಕ್ಕ ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ಎಸೆಯಲು ಇಟ್ಟಿದ್ದ ಚಾದರಗಳನ್ನು ಕೇಳಿ ಪಡೆದು, ಗಂಟು ಕಟ್ಟಿ ಪ್ರಾಣಿಗಳ ಶೆಲ್ಟರಿಗೆ ಒಯ್ದರು. ಅಲ್ಲಿನ ಡಾಕ್ಟರಮ್ಮ ಗಂಟು ಇಳಿಸಿಕೊಂಡವರೇ, "ಅಮ್ಮಾ, ಹುಷಾರಾಗ್ತಿರೋ ಪ್ರಾಣಿಗಳಿಗೆ ಇಲ್ಲಿ ಜಾಗ ಸಾಲ್ತಿಲ್ಲ. ಒಂದು ಹದಿನೈದು ದಿನ ಮನೇಲಿಟ್ಟು ನೋಡ್ಕೋತೀರಾ? ಔಷಧಿ, ಊಟ ನಾವೇ ಕೊಡ್ತೀವಿ" ಅಂದರು. ಇಲ್ಲ ಅನ್ನಲು ಹೋದ ಬಾಯಿ ಹೂಂ ಅಂದಿತು.

ಮೊದಲು ಕಾಲಿಗೆ ಪಟ್ಟಿ ಕಟ್ಟಿದ ಬೆಕ್ಕಿನ ಮರಿ. ಆಮೇಲೆ ಹಲ್ಲಿಲ್ಲದ ಮುದಿ ಬೆಕ್ಕು. ಮೂರನೆಯದು ನಾಯಿಮರಿ. ಅದು ವಾಪಸು ಹೋದ ದಿನ ಅಕ್ಕ ದಿಂಬಿನ ಚೀಲದ ಬಾಯನ್ನೇ ಹೊಲಿದು ಮುಚ್ಚಿಬಿಟ್ಟರು. ನಾವು ಬಿದ್ದು ಬಿದ್ದು ನಕ್ಕೆವು.

ನಾಲ್ಕನೆಯದೂ ನಾಯಿ, ನಾವಿಟ್ಟ ಹೆಸರು ಬೋಳ. ಪೇಟೆ ಕಡೆ ಸಿಕ್ಕಿದ್ದಂತೆ. ಹುಳುಕಡ್ಡಿಗೆ ಮೈಯೆಲ್ಲ ಬೋಳಿಸಿದ್ದರು, ಒಂದು ಕಿವಿ ಅರ್ಧ ಹರಿದಿತ್ತು, ಪಕ್ಕೆಲುಬು ಎಣಿಸಬಹುದಿತ್ತು. ಅಕ್ಕ ದಿನಕ್ಕೆರಡು ಸಲ ಮುಲಾಮು ಸವರಿ, ಹಳೆಯ ದಿಂಬಿನ ಚೀಲಕ್ಕೆ ನಾಲ್ಕು ತೂತು ಮಾಡಿ ಅಂಗಿ ಹೊಲಿದು ತೊಡಿಸಿದರು. ಮಗಳಂತೂ ತಾಯಿ ಮನೆಯಲ್ಲಿ ನಾಯಿ ಇದ್ದರೆ ಆ ಕಡೆ ತಲೆಯನ್ನೂ ಹಾಕುತ್ತಿರಲಿಲ್ಲ. "ನೋಡೋಕಾಗಲ್ಲಮ್ಮ" ಅನ್ನುತ್ತಿದ್ದಳು.

ಒಂಬತ್ತನೆಯ ದಿನ ಶನಿವಾರ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ಸರಿಮಾಡಲು ಅಳಿಯ ಬರುವವನಿದ್ದ. ತುಂಬಾ ಒಳ್ಳೆಯ ಹುಡುಗ. ಅಕ್ಕನೇ ನೋಡಿ ಒಪ್ಪಿದ ಸಂಬಂಧ. ನಾನು ಚಹಾ ಕುಡಿಯುತ್ತ ಅಲ್ಲೇ ಕೂತಿದ್ದೆ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಗುತ್ತಲೇ ಬೋಳ ಎದ್ದು ನಿಂತಿತು. ಬಾಗಿಲು ತೆರೆದದ್ದೇ ತಡ, ನೆಲಕ್ಕೆ ಹೊಟ್ಟೆ ಉಜ್ಜಿಕೊಂಡು ಅವನ ಹತ್ತಿರ ಹೋಯಿತು, ಬೂಟಿನ ಮೇಲೆ ಗದ್ದವಿಟ್ಟು ಮಗುವಿನ ಹಾಗೆ ಕುಂಯ್‌ಗುಟ್ಟಿತು. ಅವನ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಬಿತ್ತು.

"ಹತ್ತೀ..." ಅಂದ.

ಅಂದಮೇಲೆ ಬಾಯಿ ಮುಚ್ಚಿಕೊಂಡ. ಆಡಿದ ಮಾತು ಹಿಂದಕ್ಕೆ ಬರುತ್ತದೆಯೇ?

ಅಕ್ಕ ಒಮ್ಮೆ ನಾಯಿಯನ್ನು, ಒಮ್ಮೆ ಅಳಿಯನನ್ನು ನೋಡಿದರು. ಕೇಳಿದರು: "ಆ ಮಣ್ಣಲ್ಲಿ ಏನಿದೆ?"

"ಏನಿಲ್ಲ ಅತ್ತೆ. ಬರೀ ಮಣ್ಣು."

"ನನ್ನ ಮಗಳು ಏಳು ತಿಂಗಳಿಂದ ಬರೀ ಮಣ್ಣಿಗೆ ಹೂವಿಡ್ತಿದಾಳಾ?"

ಅವನು ಗೋಡೆಗೊರಗಿ ಕುಸಿದು ಕೂತ. ಮನೆ ಓನರು, ನಾಯಿ ಇದ್ದರೆ ಮನೆ ಖಾಲಿ ಮಾಡಿ ಅಂದಿದ್ದನಂತೆ. ಹೆಂಡತಿಗೆ ಹೇಳಿದ್ದರೆ ಮನೆಯನ್ನೇ ಬಿಡೋಣ ಅನ್ನುತ್ತಿದ್ದಳು. ಎರಡು ವರ್ಷದಲ್ಲಿ ಮೂರು ಮನೆ ಬದಲಿಸಿ ಅವನಿಗೆ ಸಾಕಾಗಿತ್ತು. ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಪೇಟೆಯ ಮಾಂಸದಂಗಡಿಗಳ ಹತ್ತಿರ ಬಿಟ್ಟುಬಂದ. "ಊಟಕ್ಕೇನೂ ಕೊರತೆ ಆಗಲ್ಲ ಅಂದ್ಕೊಂಡೆ... ಅವಳಿಗೆ ಮಾತ್ರ ಹೇಳಬೇಡಿ ಅತ್ತೆ, ಕಾಲಿಗೆ ಬೀಳ್ತೀನಿ."

ಇಷ್ಟೂ ಹೊತ್ತು ಆ ನಾಯಿ ಅವನ ತೊಡೆ ಮೇಲೆ ತಲೆಯಿಟ್ಟುಕೊಂಡೇ ಇತ್ತು. ಅದನ್ನು ನೋಡುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು.

ಮದುವೆಯಾದ ಐದು ವರ್ಷದಲ್ಲಿ ಅಕ್ಕ ಅಳಿಯನನ್ನು 'ನೀವು' ಅಂತಲೇ ಕರೆದವರು. ಅವತ್ತು ಹೇಳಿದರು: "ನಾನು ಹೇಳಲ್ಲ. ನೀನೇ ಹೇಳು. ಆರು ಗಂಟೆಗೆ ಅವಳಿಗೆ ಫೋನ್ ಮಾಡ್ತೀನಿ. ಅಷ್ಟರೊಳಗೆ ಹೇಳಿರಬೇಕು."

ನಲ್ಲಿ ಸೋರುತ್ತಲೇ ಇತ್ತು. ಅವನು ರಿಪೇರಿ ಸಾಮಾನಿನ ಚೀಲವನ್ನೂ ಬಿಟ್ಟು ಹೋದ.

ಫೋನ್ ಮಾಡುವ ಪ್ರಮೇಯವೇ ಬರಲಿಲ್ಲ. ಐದೂವರೆಗೆ ಮಗಳೇ ಬಂದಳು, ಮನೆಯ ಚಪ್ಪಲಿಯಲ್ಲೇ. ಬಾಗಿಲಲ್ಲಿ ನಿಂತು ನಾಯಿಯನ್ನು ದಿಟ್ಟಿಸಿ, "ಇದಲ್ಲ ಬಿಡಮ್ಮ, ಹತ್ತಿ ಹೀಗಿರಲಿಲ್ಲ" ಅಂದಳು. ಅದು ಬಂದು ಅವಳ ಅಂಗೈಗೆ ಮೂತಿ ತೂರಿಸಿತು. ಅವಳ ಬೆರಳುಗಳು ತಾವಾಗಿ ಅದರ ಗದ್ದದಡಿಗೆ ಹೋಗಿ ಹತ್ತಿಗೆ ಮೊದಲಿಂದಲೂ ಇದ್ದ ಸಣ್ಣ ಗಂಟನ್ನು ಹುಡುಕಿದವು. ಸಿಕ್ಕಿತು. ಅವಳು ಅಳಲಿಲ್ಲ. "ಹಾಗಾದ್ರೆ ಇಷ್ಟು ದಿನ ನಾನು ಯಾರಿಗಮ್ಮ ಅಳ್ತಿದ್ದೆ?" ಅಂತ ಕೇಳಿದಳು. ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದಳು.

ಹನ್ನೊಂದು ದಿನ ಅವಳು ತಾಯಿ ಮನೆಯಲ್ಲೇ ಉಳಿದಳು. ಅಷ್ಟರಲ್ಲಿ ಗಂಡ ನಾಯಿ ಸಾಕಲು ಒಪ್ಪುವ ಬೇರೆ ಮನೆ ಹುಡುಕಿದ್ದ, ಚಿಕ್ಕದು, ಅವನ ಕೆಲಸಕ್ಕೆ ದೂರ. ನಾಯಿಯನ್ನು ಕೇಳಲು ಇಬ್ಬರೂ ಶೆಲ್ಟರಿಗೆ ಹೋದರು, ಜೊತೆಗೆ ಅಕ್ಕನೂ. ಅಲ್ಲಿ ಕೊಟ್ಟ ಫಾರಂನಲ್ಲಿ ಒಂದು ಸಾಲು: ಹಿಂದೆ ಸಾಕಿದ ಪ್ರಾಣಿ ಏನಾಯಿತು? ಪೆನ್ನು ಅವನ ಕೈಯಲ್ಲಿತ್ತು. 'ನಾನೇ ಬಿಟ್ಟು ಬಂದೆ' ಎಂದು ಬರೆದ. ಡಾಕ್ಟರಮ್ಮ ಓದಿ, ಕನ್ನಡಕ ತೆಗೆದು, ಇನ್ನೊಮ್ಮೆ ಓದಿದರು. ಕೊನೆಗೆ ನಾಯಿಯನ್ನು ಮಗಳೊಬ್ಬಳ ಹೆಸರಿಗೆ ಬರೆದುಕೊಟ್ಟರು, ತಿಂಗಳಿಗೊಮ್ಮೆ ಮನೆಗೆ ಬಂದು ನೋಡುವ ಷರತ್ತಿನ ಮೇಲೆ.

ಹತ್ತಿಗೆ ಈಗ ಬೆನ್ನ ಮೇಲೆ ಕೂದಲು ಹುಟ್ಟುತ್ತಿದೆ. ಗಂಡ ಹೆಂಡತಿ ಒಂದೇ ಮನೆಯಲ್ಲಿದ್ದಾರೆ, ಮಾತೂ ಆಡುತ್ತಾರೆ. ಆದರೆ ಅವನು ಹಾಲು ಮುಗಿದಿದೆ ಅಂದರೂ ಅವಳು ಫ್ರಿಜ್ ತೆಗೆದು ನೋಡುತ್ತಾಳಂತೆ. ಅದನ್ನು ಹೇಳುವಾಗ ಅಕ್ಕನ ಕಾಲು ಮೆಷಿನ್ನಿನ ಪೆಡಲ್ ಮೇಲೆ ನಿಂತುಬಿಟ್ಟಿತ್ತು. "ಲಾರಿ ಅಂತ ನನಗೆ ಹೇಳೋವಾಗ ಅವನ ಕಣ್ಣಲ್ಲೂ ನೀರಿತ್ತು ಕಣೇ" ಅಂದರು. "ನಾನೇ ನನ್ನ ಸೆರಗಲ್ಲಿ ಒರೆಸಿದ್ದೆ."