ಲೇಟು ಎಂದು ನಾನು ಓದಿದ ಮಾತು

ಲೇಟು ಅನ್ನುವುದು ಈಗ ಕನ್ನಡದ ಮಾತೇ ಆಗಿಬಿಟ್ಟಿದೆ. ಬಸ್ಸು ಲೇಟು, ಮಳೆ ಲೇಟು, ಸೊಸೆ ಏಳುವುದು ಲೇಟು. ಅಂಗಡಿಯವನು ಲೇಟೆಸ್ಟ್ ಎಂದು ಸೀರೆ ಬಿಚ್ಚಿ ಹರವಿದರೆ ನಮ್ಮ ಮನೆಯ ಹೆಣ್ಣುಮಕ್ಕಳು ಮುಗಿಬೀಳುತ್ತಾರೆ. ನಾನು ಮಾತ್ರ ಆ ಶಬ್ದ ಕಿವಿಗೆ ಬಿದ್ದರೆ ಇಂದಿಗೂ ತಲೆ ತಗ್ಗಿಸುತ್ತೇನೆ. ಮುದುಕಿಗೆ ಏನೋ ಆಗಿದೆ ಎಂದು ಮೊಮ್ಮಕ್ಕಳು ನಗುತ್ತಾರೆ. ನಗಲಿ.

ನಾನು ಅದನ್ನು ಕಲಿತದ್ದು ಸಿಂಧನೂರಿನ ತವರಿನಲ್ಲಿದ್ದಾಗ. ಅಪ್ಪ ಶಾಲೆಯ ಮಾಸ್ತರರು. ನಿಜಾಮರ ಕಾಲ, ಶಾಲೆ, ಕಚೇರಿ ಎಲ್ಲ ಕಡೆ ಉರ್ದು. ಇಂಗ್ಲಿಷು ಬಲ್ಲವರು ಊರಿಗೆ ಒಬ್ಬರೋ ಇಬ್ಬರೋ. ಅಪ್ಪನಿಗೂ ಅಷ್ಟಕ್ಕಷ್ಟೇ ಬರುತ್ತಿತ್ತು, ಬಂದಷ್ಟನ್ನು ನನಗೆ ಮನೆಯಲ್ಲಿ ಹೇಳಿಕೊಟ್ಟಿದ್ದರು. ಒಮ್ಮೆ ರಾಯಚೂರು ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುತ್ತ ಕೂತಾಗ ಕರಿ ಹಲಗೆಯ ಮೇಲಿನ ಅಕ್ಷರ ಓದಿಸಿ, ಲೇಟ್ ಅಂದರೆ ತಡ ಎಂದರು. ಅಷ್ಟರಲ್ಲಿ ಗಾಡಿ ಬಂತು. ಪಾಠ ಅಲ್ಲಿಗೇ ನಿಂತಿತು.

ಮಸ್ಕಿಗೆ ಸೊಸೆಯಾಗಿ ಬಂದಾಗ ಆ ನಾಲ್ಕು ಅಕ್ಷರದ ಜಂಬವನ್ನೂ ಹೊತ್ತು ತಂದೆ. ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ಹರಿದ ರೊಟ್ಟಿಗಳನ್ನು ತನ್ನ ರೊಟ್ಟಿಗಳ ಕೆಳಗೆ ಬಚ್ಚಿಟ್ಟು ಅತ್ತೆಯ ಕಣ್ಣು ತಪ್ಪಿಸುತ್ತಿದ್ದಳು. ಅವಳನ್ನು ಅಕ್ಕಾ ಎನ್ನುತ್ತಿದ್ದೆ. ಸ್ವಂತ ಅಕ್ಕನೂ ನನ್ನನ್ನು ಅಷ್ಟು ಕಾಯ್ದಿರಲಿಲ್ಲ. ಭಾವನವರು ಮುಂಬಯಿಯ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದರು, ವರ್ಷಕ್ಕೊಮ್ಮೆ ಬರುತ್ತಿದ್ದರು.

ಶ್ರಾವಣದಲ್ಲಿ ಗಿರಣಿಯಿಂದ ಅಕ್ಕನ ಹೆಸರಿಗೆ ಇಂಗ್ಲಿಷಿನ ಕಾಗದ ಬಂತು. ಓದಲು ನನ್ನನ್ನೇ ಕರೆದರು. ಅತ್ತೆ ಜೋಳ ಹಸನು ಮಾಡುವುದನ್ನು ನಿಲ್ಲಿಸಿ ಕೂತರು. ಸಾಮಾನು, ರಾಯಚೂರು ಎಂಬುದು ತಿಳಿಯಿತು. ನಡುವೆ ಎಲ್ಲಿಯೋ ‘ಯುವರ್ ಲೇಟ್ ಹಸ್ಬೆಂಡ್’ ಎಂದಿತ್ತು. ಉಳಿದದ್ದು ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎಂದು ನಾನು ಹೇಳಲೂ ಇಲ್ಲ.

“ಸಾಮಾನು ಮುಂದ ಕಳಿಸ್ಯಾರಕ್ಕಾ. ಭಾವನವರು ತಡಾ ಮಾಡಿ ಬರತಾರಂತ,” ಎಂದೆ.

ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನಗುತ್ತಿದ್ದಳು.

ಲಿಂಗಸುಗೂರಿನ ವಕೀಲರಿಗೂ ಒಮ್ಮೆ ತೋರಿಸೋಣ ಎಂದು ನನ್ನ ಗಂಡ ಅಂದರು. ನಾನು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ. ಅವರು ಮತ್ತೆ ಆ ಮಾತೆತ್ತಲಿಲ್ಲ. ರಾಯಚೂರಿಗೆ ಬಂದ ಸಾಮಾನನ್ನು ಭಾವನವರೇ ಬರುವಾಗ ಬಿಡಿಸಿಕೊಂಡು ಬರಲಿ ಎಂದು ಎಲ್ಲರೂ ಸುಮ್ಮನಾದರು.

ಏಳು ತಿಂಗಳು ಅಕ್ಕ ಕಾದಳು. ಹಿರಿಯರ ಅಮಾವಾಸ್ಯೆ, ದೀಪಾವಳಿ, ಸಂಕ್ರಾಂತಿ ಬಂದು ಹೋದವು. ಹಸಿರು ಬಳೆ ತೊಟ್ಟಳು, ದಿನಾ ಹೂವು ಮುಡಿದಳು. ಬಂಡಿಯ ಸಪ್ಪಳವಾದರೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬರುತ್ತಿದ್ದಳು. ಯಾಕಿಷ್ಟು ತಡ ಎಂದು ಆಗಾಗ ನನ್ನನ್ನೇ ಕೇಳುತ್ತಿದ್ದಳು, ಕಾಗದ ಓದಿದವಳು ನಾನಲ್ಲವೇ? ಮುಂಬಯಿ ಅಂದರೆ ಹಾಗೇ ಅಕ್ಕಾ ಎಂದು ದೊಡ್ಡ ತಿಳಿವಳಿಕಸ್ಥಳಂತೆ ಹೇಳುತ್ತಿದ್ದೆ. ನಾನು ಮುಂಬಯಿ ಕಂಡವಳೇ ಅಲ್ಲ.

ಶಿವರಾತ್ರಿ ಮುಗಿದ ಮೇಲೆ ರಾಯಚೂರು ಸ್ಟೇಷನ್ನಿನಿಂದ ಇನ್ನೊಂದು ಕಾಗದ ಬಂತು. ಈ ಸಲ ನನ್ನ ಗಂಡ ನನ್ನನ್ನು ಕೇಳದೆ ಎರಡೂ ಕಾಗದ ಹಿಡಿದು ಲಿಂಗಸುಗೂರಿಗೆ ಹೋದರು. ಮರುದಿನ ಮಧ್ಯಾಹ್ನ ಬಂದವರು ಅಂಗಳದಲ್ಲೇ ನಿಂತು ನೀರು ಕೇಳಿದರು. ನಾನು ಕೊಟ್ಟ ತಂಬಿಗೆಯನ್ನು ಹಿಡಿದುಕೊಂಡೇ ನಿಂತರು, ಕುಡಿಯಲಿಲ್ಲ.

“ನೀ ತಡಾ ಅಂದದ್ದನ್ನ ವಕೀಲರು ಮರ್ಹೂಮ್ ಅಂತ ಓದಿದರು,” ಎಂದರು.

ಮರ್ಹೂಮ್ ಎಂದರೆ ತೀರಿಹೋದವರು. ಅಷ್ಟು ಉರ್ದು ನಮ್ಮ ಕಡೆ ಎಲ್ಲರಿಗೂ ಬರುತ್ತಿತ್ತು. ಭಾವನವರು ಆಷಾಢದಲ್ಲೇ ಜ್ವರ ಬಂದು ಹೋಗಿದ್ದರು. ಅದನ್ನು ತಿಳಿಸಿ ಗಿರಣಿಯವರು ಮೊದಲೇ ಬರೆದಿದ್ದರಂತೆ. ಆ ಕಾಗದ ಬ್ರಿಟಿಷರ ಟಪಾಲಿಗೂ ನಿಜಾಮರ ಟಪಾಲಿಗೂ ನಡುವೆ ಎಲ್ಲಿ ಬಿದ್ದುಹೋಯಿತೋ, ನಮಗೆ ಮುಟ್ಟಲೇ ಇಲ್ಲ. ಬಂದದ್ದು ಸಾಮಾನಿನ ವಿಷಯ ಬರೆದ ಎರಡನೆಯದು, ಮತ್ತು ಅದನ್ನು ಓದಲು ನಾನಿದ್ದೆ.

ಎಷ್ಟೋ ವರ್ಷಗಳ ಮೇಲೆ ಒಂದು ದೊಡ್ಡ ನಿಘಂಟು ಸಿಕ್ಕಿತು. ಬೆರಳಿಟ್ಟು ಹುಡುಕಿದೆ. ಆ ಶಬ್ದದ ಬೇರಿನಲ್ಲಿ ಇದ್ದ ಅರ್ಥ ಸಡಿಲವಾಗುವುದು, ಕೈಬಿಡುವುದು ಎಂಬುದಂತೆ. ಅದರಿಂದ ದಣಿದದ್ದು, ನಿಧಾನವಾದದ್ದು ಎಂದಾಯಿತು. ನಿಧಾನದಿಂದ ತಡ. ಆಮೇಲೆ ಈಚಿನದು, ಹೊಸದು ಎಂದೂ ಆಯಿತು. ಹಾಗೇ ಈಚಿನವರೆಗೆ ಇದ್ದು ಈಗ ಇಲ್ಲದವನು ಎಂದೂ ಆಯಿತು. ಬರುವವನಿಗೂ ಬಾರದವನಿಗೂ ಒಂದೇ ಶಬ್ದ ಇಟ್ಟುಕೊಂಡ ಆ ಜನರ ಮೇಲೆ ನನಗೆ ಸಿಟ್ಟು ಬಂತು. ನಮ್ಮವರು ಕೈಲಾಸವಾಸಿ ಎನ್ನುತ್ತಾರೆ, ಯಾವ ಸೊಸೆಯೂ ತಪ್ಪಾಗಿ ಓದಲಾರಳು. ಆದರೆ ತಪ್ಪು ಶಬ್ದದ್ದಲ್ಲ. ತಿಳಿಯದು ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ, ಅಷ್ಟೇ.

ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಅತ್ತೆ ಗೋಡೆಗೆ ತಲೆ ಒರಗಿಸಿ ಮಗನ ಹೆಸರು ಕೂಗಿ ಅತ್ತರೇ ಹೊರತು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದಿನಕರ್ಮಗಳೆಲ್ಲ ಮುಗಿದ ಮೇಲೆ ನಾನು ಒಬ್ಬಳೇ ಅಡುಗೆಮನೆಗೆ ಹೋಗಿ, ಒಲೆಯ ಮುಂದೆ ಬರಿಗೈಯಲ್ಲಿ ಕೂತಿದ್ದ ಅಕ್ಕನ ಕಾಲು ಹಿಡಿದುಕೊಂಡೆ. ಏಳು ತಿಂಗಳು ಸುಳ್ಳು ಆಸೆಯಲ್ಲಿ ಕಾಯಿಸಿದೆ, ತಪ್ಪಾಯಿತು ಎಂದೆ.

ಅವಳು ಕಾಲು ಎಳೆದುಕೊಳ್ಳಲಿಲ್ಲ. ನನ್ನ ತಲೆಯ ಮೇಲೆ ಕೈಯಿಡಲೂ ಇಲ್ಲ.

“ನಾ ಕಾದದ್ದು ಇರಲಿ ತಂಗಿ,” ಎಂದಳು. “ಹಿರ್ಯಾರ ಅಮಾಸಿ ದಿನ ಈ ಮನ್ಯಾಗ ಸತ್ತೋರಿಗೆಲ್ಲ ನಾನ ಅಡಗಿ ಮಾಡಿ ಎಡಿ ಹಿಡದೆ. ಅವರಿಗೊಬ್ಬರಿಗೆ ಹಿಡೀಲಿಲ್ಲ. ಬಂದು ನೋಡಿ, ಹಸಗೊಂಡ ಹೋಗ್ಯಾರ.”