ಶುಕ್ರವಾರ ಕೇಳಿದ ಕೆಂಡ

ನಾನು ಬಿ.ಎ. ಪಾಸಾಗುವುದು ಆಗದ ಮಾತು ಎಂದವಳು ನನ್ನನ್ನು ಸಾಕಿದ ಅಜ್ಜಿಯೇ. "ನಮ್ಮ ಮನಿತನದಾಗ ಹೆಬ್ಬೆಟ್ಟು ಬಿಟ್ರ ಬ್ಯಾರೆ ಇಲ್ಲ. ನೀ ಯಾವ ಊರ ದೊರೆ ಲೇ?" ಎನ್ನುತ್ತಿದ್ದಳು. ಹಾಗೆನ್ನುತ್ತಲೇ ಕಂಪ್ಲಿಯ ಕಬ್ಬಿನ ಗದ್ದೆಗಳಲ್ಲಿ ಕಳೆ ಕಿತ್ತು ಓದಿಸಿದಳು. ಬಳ್ಳಾರಿ, ಆಮೇಲೆ ಅನಂತಪುರ; ಒಪ್ಪೊತ್ತು ಉಂಡು ಓದಿದೆ, ಪಾಸಾದೆ. ಹೊಸಪೇಟೆಯಲ್ಲಿ ಮೇಷ್ಟ್ರ ಕೆಲಸವೂ ಸಿಕ್ಕಿತು. ನಮ್ಮ ಕುಲದಲ್ಲಿ ನಾನೇ ಮೊದಲು. ಅದನ್ನು ಇಂದಿಗೂ ತಲೆಯೆತ್ತಿ ಹೇಳುತ್ತೇನೆ.

ಮದ್ರಾಸಿನಿಂದ ಬಿ.ಎ. ಸರ್ಟಿಫಿಕೇಟು ಬಂದ ವಾರ, ಅದನ್ನು ತೋರಿಸಲು ಕಂಪ್ಲಿಗೆ ಹೋದೆ. ಓಣಿಯಲ್ಲೇ ಪಕ್ಕದ ಮನೆಯ ಅತ್ತೆ ತಡೆದಳು.

"ನಿಮ್ಮಜ್ಜಿ ಇವತ್ತು ನಮ್ಮನಿಗೆ ಕೆಂಡ ಕೇಳಾಕ ಬಂದಿದ್ಲಪ್ಪ."

"ಕೊಟ್ಟಿದ್ರ ಆಗ್ತಿತ್ತಲ್ಲ ಅತ್ತಿ."

"ಬಿ.ಎ. ಓದಿ ವಾರ ಮರ್ತೇನು? ಇವತ್ತು ಶುಕ್ರವಾರ ಲೇ!"

ಶುಕ್ರವಾರ ಮನೆಯ ಬೆಂಕಿಯನ್ನು ಹೊರಗೆ ಕೊಡುವುದಿಲ್ಲ, ಲಕ್ಷ್ಮಿ ಹೋಗುತ್ತಾಳೆಂದು. ಆ ದಿನ ಕೆಂಡ ಕೇಳಿದವರನ್ನು ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದವಳು ಅಜ್ಜಿಯೇ. ಮಲಗುವ ಮುಂಚೆ ಬೂದಿಯಡಿ ಕೆಂಡ ಮುಚ್ಚಿಟ್ಟು, ಬೆಳಗ್ಗೆ ಊದಿ ಒಲೆ ಹಚ್ಚುವವಳು. ಆಕೆಯ ಒಲೆ ಆರಿದ್ದನ್ನು ನಾನು ನೋಡಿರಲಿಲ್ಲ.

ಒಳಗೆ ಹೋದೆ. ಒಲೆಯ ಬೂದಿ ತಣ್ಣಗಿತ್ತು. ಅಜ್ಜಿ ಜೋಳದ ಹಿಟ್ಟನ್ನು ತಣ್ಣೀರಲ್ಲಿ ಕಲಸಿಕೊಂಡು ತಿನ್ನುತ್ತಿದ್ದಳು. ಮುಂಗೈ ಮೇಲೆ, ಪಾದದ ಮೇಲೆ, ಕೆಂಡ ತರುವಾಗ ಬೀಳಿಸಿಕೊಂಡು ಆದ ಸುಟ್ಟ ಗಾಯಗಳು. ಹಿಂದಿನ ಸಲ ಬಂದಾಗ ನನಗೆ ಬಿಸಿ ರೊಟ್ಟಿ ಬಡಿಸಿದ್ದಳು. ಅದು ಅತ್ತೆಯ ಮನೆಯದೆಂದು ಈಗ ಹೊಳೆಯಿತು. ಅಳು ಬರಲಿಲ್ಲ. ಏನೂ ಬರಲಿಲ್ಲ. ಬಾಗಿಲ ಹತ್ತಿರ ಚೀಲ ಹಿಡಿದು ನಿಂತೇ ಇದ್ದೆ.

"ಹೊಸಪ್ಯಾಟಿಗೆ ನನ್ನ ಜೋಡಿ ಬಾ ಅಜ್ಜಿ" ಎಂದೆ.

"ಯಾಕ, ನನಗೇನಾಗೇತಿ? ನಿನಗ ಬೇಯಿಸಿ ಹಾಕಾಕೇನು?"

"ನಾನಽ ಬೇಯಿಸ್ತೀನಿ."

"ಥೂ! ನೀ ಬಡಿದ ರೊಟ್ಟಿ ನಾಯಿನೂ ಮೂಸೂದಿಲ್ಲ."

ಚೀಲದಿಂದ ಸರ್ಟಿಫಿಕೇಟು ತೆಗೆದು ಕೊಟ್ಟೆ. ಕೈಯನ್ನು ಸೀರೆಗೆ ಒರೆಸಿಕೊಂಡು ಹಿಡಿದಳು. ಬೆರಳು ನಡುಗಿ ಅದು ಜಾರಿತು. ಎತ್ತಿಕೊಟ್ಟೆ, ಮತ್ತೆ ಜಾರಿತು. ಈ ಸಲ ಆಕೆ ಕಾಗದವನ್ನು ಬಿಟ್ಟು ತನ್ನ ಬೆರಳುಗಳನ್ನೇ ನೋಡಿದಳು.

"ನೀನಽ ಹಿಡ್ಕೊಳಪ್ಪ. ನನ್ನ ಕೈಯಾಗ ಈಗ ಏನೂ ನಿಂದ್ರೂದಿಲ್ಲ" ಎಂದಳು. ಹಿಟ್ಟಿನ ತಟ್ಟೆ ಬದಿಗೆ ಸರಿಸಿ, "ಹೊಸಪ್ಯಾಟಿ ಗಾಡಿ ಯಾವಾಗ ಐತಿ?"