ಮಗ್ಗದ ಗಂಟು

ಇಳಕಲ್ಲಿನ ನಮ್ಮ ಓಣಿಯಲ್ಲಿ ಮೈಮೇಲೆ ಗಂಟಿಲ್ಲದ ನೇಕಾರನನ್ನು ನಾನು ಕಂಡಿಲ್ಲ. ಲಾಳಿಯ ಹಗ್ಗ ಜಗ್ಗಿ ಜಗ್ಗಿ ನನ್ನ ಮಣಿಕಟ್ಟಿನಲ್ಲೇ ಕಡಲೆಕಾಳಿನಷ್ಟು ಒಂದಿದೆ. ಹಾಗಾಗಿ ಹೆಂಡತಿ ಶಾಂತವ್ವ ಒಂದು ಮುಂಜಾನೆ, "ಬಗಲಾಗ ಏನೋ ಗಂಟ ಆಗೇತ್ರಿ, ನೋಯಂಗಿಲ್ಲ" ಎಂದಾಗ ನಾನು ಟ್ರಾನ್ಸಿಸ್ಟರಿನ ಸದ್ದನ್ನೂ ಕಡಿಮೆ ಮಾಡಲಿಲ್ಲ.

"ಮಗ್ಗದ ಗಂಟ ಅದು. ಒಂದ ತಿಂಗಳ ಮಗ್ಗಕ್ಕ ಕೂಡಬ್ಯಾಡ, ಕರಗತೈತಿ."

ಡಾಕ್ಟರ್ ನಾನೇ ಆಗಿಬಿಟ್ಟೆ.

ಆಕೆ ತನ್ನ ಮಗ್ಗಕ್ಕೆ ಕೂಡಲಿಲ್ಲ. ಅಷ್ಟರಲ್ಲಿ ನನ್ನ ಮಗ್ಗಕ್ಕೆ ಉದ್ದೆಳೆಗಳ ಹೊಸ ಹಾಸು ಬಂತು. ನಮ್ಮ ಸೀರೆಗೆ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಸೇರಿಸಬೇಕು. ಒಬ್ಬರ ಕೆಲಸವಲ್ಲ. ಎರಡು ದಿನ ಒಬ್ಬನೇ ಒದ್ದಾಡಿದೆ, ಎಳೆ ಹರಿದವು, ಬೈದಾಡಿದೆ. ಮೂರನೆಯ ದಿನ ಶಾಂತವ್ವ ತಾನಾಗಿ ಬಂದು ಎದುರಿಗೆ ಕೂತಳು.

"ಗಂಟ ಹೆಂಗೈತಿ?"

"ಕರಗೇತ್ರಿ."

ನಾನು ಮುಟ್ಟಿ ನೋಡಲಿಲ್ಲ. ಖರೆ ಹೇಳಬೇಕೆಂದರೆ, ನೋಡುವುದು ನನಗೆ ಬೇಡವಾಗಿತ್ತು. ಆಕೆ ಬಲಗೈಯನ್ನು ಮೈಗೆ ಒತ್ತಿಕೊಂಡೇ ಕೊಂಡಿ ಹಾಕುತ್ತಿದ್ದಳು. ಅದು ಕಾಣುತ್ತಿತ್ತು. ಮುಂದಿನ ಎಳೆ ಆಕೆಯ ಕೈಗೆ ಕೊಟ್ಟೆ.

ದೀಪಾವಳಿಗೆ ತಾಯಿಯ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದ ಮಗಳು ಗೌರಿ ಬಚ್ಚಲಿನಿಂದ ಕೂಗಿದಳು. "ಅಪ್ಪಾ, ಅವ್ವನ ಬಗಲಾಗ ನಿಂಬಿಹಣ್ಣಿನಷ್ಟ ಗಂಟ ಐತಿ."

ಮರುದಿನವೇ ಬಾಗಲಕೋಟೆಗೆ ಹೋದೆವು. ಡಾಕ್ಟರ್ ಒತ್ತಿ ನೋಡಿ, ಎಷ್ಟು ದಿನವಾಯಿತೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಶಾಂತವ್ವ ಅಂದಳು, "ಮೊನ್ನೆ ಮೊನ್ನೆ ನೋಡೇನ್ರಿ. ಇವರಿಗೆ ನಾ ಹೇಳೇ ಇಲ್ಲ."

ಬಯಾಪ್ಸಿ ಆಯಿತು. ಕ್ಯಾನ್ಸರ್ ಎಂದರು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಗುವಷ್ಟರಲ್ಲಿ ಅದು ಶ್ವಾಸಕೋಶಕ್ಕೂ ಇಳಿದಿತ್ತು. ವಾರ್ಡಿನಲ್ಲಿ ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತ ಕೇಳಿದೆ, ಕರಗಿದೆಯೆಂದು ಯಾಕೆ ಸುಳ್ಳು ಹೇಳಿದೆ ಎಂದು.

"ನೀವ ಒಬ್ಬರ ಎಳಿ ಹರಕೊಂಡ ಕುಂತಿದ್ರಿ. ನೋಡಾಕ ಆಗಲಿಲ್ಲ."

ಯುಗಾದಿಯ ಹಿಂದಿನ ವಾರ ಹೋದಳು.

ನನ್ನ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲೂಬಾರದು. ಆಕೆಯ ಮಗ್ಗಕ್ಕೆ ಈಗ ಗೌರಿ ಕೂಡುತ್ತಾಳೆ. ಕಳೆದ ವಾರ ಅವಳು ಊಟ ಬಡಿಸುವಾಗ ಮಣಿಕಟ್ಟಿನ ಮೇಲೊಂದು ಗಂಟು ಕಂಡಿತು. ತಾಟು ಬಿಟ್ಟೆದ್ದೆ. ಬಾಗಲಕೋಟೆಯ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಅತ್ತಿತ್ತ ಹೊರಳಿಸಿ, ಒತ್ತಿ, ಏನು ಕೆಲಸ ಮಾಡುತ್ತೀ ಎಂದು ಅವಳನ್ನು ಕೇಳಿ, ನಕ್ಕರು.

"ಏನಿಲ್ರಿ ಯಜಮಾನ್ರ. ಮಗ್ಗದ ಗಂಟ ಇದು."

ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳ ಮಣಿಕಟ್ಟು ಹಿಡಿದೇ ಇದ್ದೆ. ಹುನಗುಂದ ದಾಟಿದ ಮೇಲೆ, "ಕೈ ಬೆವತೈತಿ, ಬಿಡ ಅಪ್ಪಾ" ಎಂದಳು.

ಬಿಡಲಿಲ್ಲ.